ಡಿಎನ್‌ಎಸ್ ಬದಲಾಯಿಸುವವರು ಐಪಿವಿ6 ಮರೆಯಬೇಡಿ

ಡಿಎನ್‌ಎಸ್ ಬದಲಾಯಿಸಿದರೆ ನೆಟ್ ಸ್ಪೀಡ್ ಡಬಲ್ ಆಗುತ್ತದೆ ಅನ್ನುವ ವಿಡಿಯೋಗಳನ್ನು ನಂಬಬೇಡಿ. 100 ಎಂಬಿಪಿಎಸ್ ಪ್ಲಾನ್ 100 ಆಗಿಯೇ ಇರುತ್ತದೆ. ಸೈಟಿನ ಹೆಸರು ಕೊಟ್ಟರೆ ಅದರ ಐಪಿ ನಂಬರ್, ಅಂದರೆ ಇಂಟರ್ನೆಟ್‌ನಲ್ಲಿ ಅದರ ವಿಳಾಸ, ಹುಡುಕಿಕೊಡುವುದಷ್ಟೇ ಡಿಎನ್‌ಎಸ್ ಕೆಲಸ.

ಮತ್ತೆ ನಾನ್ಯಾಕೆ ಬದಲಾಯಿಸಿದೆ? ನಮ್ಮ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಸಂಜೆಯಾದರೆ ಸುಸ್ತಾಗುತ್ತಿತ್ತು. ವಾಟ್ಸಾಪ್ ಮೆಸೇಜ್ ಬರುತ್ತಿತ್ತು, ಬ್ರೌಸರ್ ಮಾತ್ರ ಸುಮ್ನೆ ಸುತ್ತುತ್ತಿತ್ತು. ಸಾಲದ್ದಕ್ಕೆ ಅಡ್ರೆಸ್‌ನಲ್ಲಿ ಒಂದಕ್ಷರ ತಪ್ಪಿದರೆ, ಅಂಥ ಸೈಟ್ ಇಲ್ಲ ಅಂತ ಹೇಳುವುದು ಬಿಟ್ಟು ಜಾಹೀರಾತು ತುಂಬಿದ ಪುಟ ತೆರೆಯುತ್ತಿತ್ತು.

ಗೂಗಲ್‌ನ ಡಿಎನ್‌ಎಸ್ 8.8.8.8 ಬಂದಿದ್ದು 2009ರಲ್ಲಿ, ಎಲ್ಲರಿಗೂ ಬಾಯಿಪಾಠ. ನಾನು ಹಾಕಿದ್ದು 2018ರ ಏಪ್ರಿಲ್ 1ರಂದು ಶುರುವಾದ, ಕ್ಲೌಡ್‌ಫ್ಲೇರ್ ಅನ್ನುವ ಇಂಟರ್ನೆಟ್ ಸೇವಾ ಕಂಪನಿಯ 1.1.1.1. ಮನೆಯಲ್ಲಿ ಮಕ್ಕಳಿದ್ದರೆ 1.1.1.3 ನೋಡಿ, ವೈರಸ್ ಹರಡುವ ಸೈಟುಗಳ ಜೊತೆ ವಯಸ್ಕರ ಸೈಟುಗಳನ್ನೂ ತಡೆಯುತ್ತದೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ಹಾರ್ಡ್‌ವೇರ್ ಪ್ರಾಪರ್ಟೀಸ್‌ಗೆ ಹೋಗಿ. ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್ ಪಕ್ಕದ ಎಡಿಟ್ ಒತ್ತಿ, ಮ್ಯಾನುಯಲ್ ಆರಿಸಿ, ಐಪಿವಿ4 (ಐಪಿ ನಂಬರಿನ ಹಳೇ ರೂಪ) ಆನ್ ಮಾಡಿ ಮೊದಲ ಬಾಕ್ಸಿಗೆ 1.1.1.1, ಎರಡನೆಯದಕ್ಕೆ 1.0.0.1 ಹಾಕಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಈಗ ಎಷ್ಟೋ ಮನೆಗಳಿಗೆ ಐಪಿ ನಂಬರಿನ ಹೊಸ, ಉದ್ದನೆಯ ರೂಪವಾದ ಐಪಿವಿ6 ಕೂಡ ಬರುತ್ತದೆ ಅಲ್ವಾ, ಅದರ ಡಿಎನ್‌ಎಸ್ ರೂಟರ್ ಕೊಟ್ಟಿದ್ದೇ ಇರುತ್ತದೆ, ಕಂಪ್ಯೂಟರ್ ಆ ಹಳೇ ದಾರಿಯಲ್ಲೇ ಕೇಳುತ್ತಾ ಇರಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ಎಸ್‌ಲುಕಪ್ (nslookup) ಕೊಟ್ಟು ನೋಡಿ, ಯಾವ ಡಿಎನ್‌ಎಸ್ ಬಳಕೆಯಲ್ಲಿದೆ ಅಂತ ತೋರಿಸುತ್ತದೆ. 1.1.1.1 ಕಾಣಬೇಕಾದ ಜಾಗದಲ್ಲಿ ಎಫ್‌ಇ80 ಅಂತ ಶುರುವಾಗುವ ಉದ್ದನೆಯ ಅಡ್ರೆಸ್ ಬಂದರೆ ಉತ್ತರ ಇನ್ನೂ ರೂಟರ್‌ನಿಂದಲೇ ಬರುತ್ತಿದೆ ಅಂತ ಅರ್ಥ. ಅದೇ ಎಡಿಟ್ ಪುಟದಲ್ಲಿ ಐಪಿವಿ6 ಕೂಡ ಆನ್ ಮಾಡಿ 2606:4700:4700::1111 ಹಾಕಿ.

ಪ್ರತಿ ಅಡ್ರೆಸ್‌ನ ಕೆಳಗೆ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ (ಕೇಳುವ ಹೆಸರುಗಳನ್ನು ಗುಟ್ಟಾಗಿ ಕಳಿಸುವ ಆಯ್ಕೆ) ಅಂತ ಇರುತ್ತದೆ, ಅದನ್ನೂ ಆನ್ ಮಾಡಿ. ಇಲ್ಲದಿದ್ದರೆ ನೀವು ಕೇಳಿದ ಹೆಸರುಗಳೆಲ್ಲ ದಾರಿಯುದ್ದಕ್ಕೂ ತೆರೆದ ಪೋಸ್ಟ್‌ಕಾರ್ಡ್. ಆನ್ ಮಾಡಿದರೂ ಕ್ಲೌಡ್‌ಫ್ಲೇರ್‌ಗೆ ಅವು ಗೊತ್ತಾಗುತ್ತವೆ. ಯಾರನ್ನೋ ಒಬ್ಬರನ್ನು ನಂಬಲೇಬೇಕು, ನಮ್ಮ ಕಂಪನಿಗಿಂತ ಇವರು ವಾಸಿ ಅನ್ನಿಸಿತು.

ಹೋಟೆಲ್ ವೈಫೈನಲ್ಲಿ ಲಾಗಿನ್ ಪುಟ ತೆರೆಯದಿದ್ದರೆ ಸ್ವಲ್ಪ ಹೊತ್ತು ಆಟೊಮ್ಯಾಟಿಕ್‌ಗೆ ಮರಳಿಸಿ. ರೂಟರ್‌ನಲ್ಲೇ ಬದಲಾಯಿಸಿದ್ದರೆ ಟಿವಿ, ಫೋನ್ ಎಲ್ಲಕ್ಕೂ ಒಂದೇ ಸಲಕ್ಕೆ ಆಗುತ್ತಿತ್ತು, ಆದರೆ ನಮ್ಮ ರೂಟರ್‌ನಲ್ಲಿ ಆ ಬಾಕ್ಸನ್ನೇ ಲಾಕ್ ಮಾಡಿಟ್ಟಿದ್ದಾರೆ.