ಹೆಣ್ಣು ನವಿಲು ನಡೆವ ದಾರಿ

ಮುಂಗಾರಿಗೆ ಮುಂಚಿನ ದಿನಗಳಲ್ಲಿ ನಮ್ಮೂರಿನ ಹೊಲದ ಒಂದೇ ಬದುವಿನ ಉದ್ದಕ್ಕೂ ಗಂಡು ನವಿಲುಗಳು ಅಷ್ಟಷ್ಟು ದೂರಕ್ಕೆ ನಿಂತು ಗರಿಗೆದರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಸುತ್ತ ಅಷ್ಟೊಂದು ಬಯಲಿರುವಾಗ ಆ ಬದುವೇ ಏಕೆ ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ನನಗೆ ಸಿಕ್ಕಿದ್ದು ಬಹಳ ತಡವಾಗಿ.

ಗಂಡುಗಳು ಹೀಗೆ ಒಂದೆಡೆ ನೆರೆದು ಪ್ರದರ್ಶನ ನೀಡುವ ಜಾಗವನ್ನು ಪಕ್ಷಿಶಾಸ್ತ್ರದಲ್ಲಿ ‘ಲೆಕ್’ ಎನ್ನುತ್ತಾರೆ. ಹೆಣ್ಣು ಅಲ್ಲಿಗೆ ಬಂದು, ನೋಡಿ, ಕೂಡಿ ಹೋಗುತ್ತದೆ. ಗೂಡು, ಕಾವು, ಮರಿಗಳ ಪಾಲನೆ ಎಲ್ಲವೂ ಅದರ ಪಾಲಿಗೇ. ಗಂಡಿನಿಂದ ಮೇವೂ ಇಲ್ಲ, ರಕ್ಷಣೆಯೂ ಇಲ್ಲ. ಹಾಗಾದರೆ ಲೆಕ್ಕಿನ ಜಾಗವನ್ನು ನಿರ್ಧರಿಸುವುದು ಯಾವುದು? ಹೆಣ್ಣುಗಳ ಓಡಾಟದ ದಾರಿಗಳು ಎಲ್ಲಿ ಹೆಚ್ಚಾಗಿ ಕೂಡುತ್ತವೆಯೋ ಅಲ್ಲಿ ಗಂಡುಗಳು ಬೀಡುಬಿಡುತ್ತವೆ ಎಂದು 1983ರಲ್ಲಿ ಜ್ಯಾಕ್ ಬ್ರಾಡ್‌ಬರಿ ಮತ್ತು ರಾಬರ್ಟ್ ಗಿಬ್ಸನ್ ವಾದಿಸಿದರು. 1988ರಲ್ಲಿ ಬ್ರೂಸ್ ಬೀಲರ್ ಮತ್ತು ಮರ್ಸಿಡಿಸ್ ಫಾಸ್ಟರ್ ಇನ್ನೊಂದು ವಿವರಣೆ ಮುಂದಿಟ್ಟರು: ಹೆಣ್ಣುಗಳ ಮನಗೆದ್ದ ಒಂದು ಗಂಡಿನ ಸುತ್ತ ಉಳಿದವು ಜಮಾಯಿಸುತ್ತವೆ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುವುದರಿಂದ, ಬರೀ ನೋಡುತ್ತ ಕುಳಿತು ಇವನ್ನು ಬೇರ್ಪಡಿಸಲು ಬರುವುದಿಲ್ಲ.

ಇಲ್ಲಿಯೇ ಅಡೆಲಿನ್ ಲೊಯೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಹಿಡಿಸಿದ್ದು. ಬಿಡುಬೀಸಾಗಿ ಬದುಕುತ್ತಿದ್ದ ನವಿಲುಗಳಲ್ಲಿ, ಮೇವಿನ ತಾಣಕ್ಕೆ ಹತ್ತಿರವಿದ್ದ ಜಾಗಗಳಿಗೆ ಹೆಣ್ಣುಗಳು ಹೆಚ್ಚಾಗಿ ಬರುತ್ತಿದ್ದವು, ಅಲ್ಲಿ ನಿಂತ ಗಂಡುಗಳಿಗೆ ಕೂಡುವ ಅವಕಾಶವೂ ಹೆಚ್ಚಿತ್ತು. ಆ ಮೇವನ್ನು ಕಾಯುವುದು ಯಾವ ಗಂಡಿಗೂ ಸಾಧ್ಯವಿರಲಿಲ್ಲ ಎಂಬುದನ್ನು ಮರೆಯಬಾರದು. ಬಳಿಕ ಅವರು ತಮ್ಮ ತಮ್ಮ ಜಾಗ ಹಿಡಿದಿದ್ದ 29 ಗಂಡುಗಳನ್ನು ಅಲ್ಲಿಂದ ತೆಗೆದರು. ಹೆಸರು ಮಾಡಿದ ಗಂಡೇ ಕಾರಣವಾಗಿದ್ದರೆ ಅದು ಹೋದಮೇಲೆ ಜಾಗ ಬಣಗುಡಬೇಕಿತ್ತು, ಹಾಗಾಗಲಿಲ್ಲ. ಹೆಣ್ಣುಗಳು ಮೊದಲು ಹೆಚ್ಚು ಸುಳಿಯುತ್ತಿದ್ದ ಜಾಗಗಳಲ್ಲೇ ಮುಂದೆಯೂ ಹೆಚ್ಚು ಸುಳಿದವು, ಮೇವಿಗೆ ಹತ್ತಿರದ ಖಾಲಿ ಜಾಗಗಳ ಮೇಲೆ ಹೊರಗಿನ ಗಂಡುಗಳ ಕಣ್ಣು ಮೊದಲಿಗಿಂತಲೂ ಹೆಚ್ಚಾಗಿ ಬಿತ್ತು.

ಆ ಪ್ರಯೋಗದಲ್ಲಿದ್ದಂತೆ ಮನುಷ್ಯರು ಹಾಕಿದ ಮೇವು ಒಂದೆಡೆ ನಿಲ್ಲುತ್ತದೆ, ಹೊಲದ ಬೆಳೆ ಹಾಗಲ್ಲ ಎಂಬ ಆಕ್ಷೇಪ ನನಗೂ ಇದೆ. ಆದರೂ ನಮ್ಮ ಬದುವಿನ ಒಂದು ಬದಿಗೆ ಶೇಂಗಾ ಹೊಲವಿತ್ತು, ಇನ್ನೊಂದು ಬದಿಗೆ ಕಣವಿತ್ತು. ಹೆಣ್ಣು ನವಿಲುಗಳು ಬೆಳಗಿನ ಹೊತ್ತು ಕಾಳು ಹೆಕ್ಕುತ್ತ ಆ ಬದುವನ್ನೇ ದಾಟಿ ಹೋಗುತ್ತಿದ್ದವು. ನಾವೆಲ್ಲ ಗರಿಯನ್ನೇ ನೋಡುತ್ತಿದ್ದುದರಿಂದ, ತಲೆ ತಗ್ಗಿಸಿ ಮೇಯುತ್ತಿದ್ದ ಅವುಗಳ ದಾರಿಯನ್ನು ಯಾರೂ ಗಮನಿಸಿರಲಿಲ್ಲ.