ಗೋಡೆ ಕರಗಲ್ವಾ ಅಂತ ಕೇಳುವವರಿಗೆ

ರಜೆಗೆ ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ಗ್ಯಾರಂಟಿ. ಸೋಮವಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಈ ಸಲ ಕಾಫಿ ಕಣದಲ್ಲಿ ಮಾವನ ಸರದಿ. "ಅಲ್ಲ ಮಾರಾಯ, ನಿನ್ನ ಫ್ಯೂಶನ್ ರಿಯಾಕ್ಟರ್ ಒಳಗೆ ಸೂರ್ಯನಿಗಿಂತ ಬಿಸಿ ಅಂತೀಯ. ಗೋಡೆ ಕರಗಲ್ವಾ?"

ಅಷ್ಟು ಸುಲಭಕ್ಕೆ ಕರಗಲ್ಲ ಮಾವ, ಸವೆಯುತ್ತೆ. ಆ ಸವೆತ ನೋಡೋದೇ ನನ್ನ ಕೆಲಸ.

ಫ್ಯೂಶನ್ ರಿಯಾಕ್ಟರ್ ಅಂದರೆ ಜಲಜನಕದ ಅಣ್ಣತಮ್ಮಂದಿರಾದ ಡ್ಯುಟೀರಿಯಂ, ಟ್ರಿಟಿಯಂಗಳನ್ನು ಬೆಸೆದು ಶಕ್ತಿ ಪಡೆಯುವ ಯಂತ್ರ. ಒಳಗಿನ ಪ್ಲಾಸ್ಮಾ, ಅಂದರೆ ಕಾದು ವಿದ್ಯುತ್ ಕಣಗಳಾಗಿ ಒಡೆದ ಅನಿಲ, ಸುಮಾರು 15 ಕೋಟಿ ಡಿಗ್ರಿ ಬಿಸಿ ಇರಬೇಕು. ಆದರೆ ಅದು ತೀರಾ ತೆಳು. ಫ್ರಾನ್ಸಿನಲ್ಲಿ ಭಾರತವೂ ಸೇರಿ ಕಟ್ಟುತ್ತಿರುವ ಈಟರ್ (ITER) ರಿಯಾಕ್ಟರಿನ ದೊಡ್ಡ ಪಾತ್ರೆಯಲ್ಲಿ ಒಂದು ಹೊತ್ತಿಗೆ ಇರುವ ಇಂಧನ 2 ಗ್ರಾಂ ಕೂಡ ಇಲ್ಲ. ಸುರುಸುರು ಬತ್ತಿಯ ಕಿಡಿ ಕೈಗೆ ಬಿದ್ದರೆ ಏನೂ ಆಗಲ್ಲ, ಒಂದು ಚೊಂಬು ಬಿಸಿನೀರು ಬಿದ್ದರೆ ಬೊಬ್ಬೆ ಏಳುತ್ತದೆ ಅಲ್ವಾ? ಹಾಗೆ. ಜೊತೆಗೆ ಅಯಸ್ಕಾಂತಗಳು ಪ್ಲಾಸ್ಮಾವನ್ನು ಗೋಡೆಗೆ ತಾಗದಂತೆ ಹಿಡಿದಿರುತ್ತವೆ.

ಹಿಡಿತ ಪೂರ್ತಿ ಗಟ್ಟಿ ಅಲ್ಲ. ಅಂಚಿನಿಂದ ಕಣಗಳು ತಪ್ಪಿಸಿಕೊಂಡು ಗೋಡೆಗೆ ಬಡಿಯುತ್ತವೆ, ಗೋಡೆಯ ಅಣುಗಳನ್ನು ಒಂದೊಂದಾಗಿ ಕಿತ್ತು ಹಾಕುತ್ತವೆ. ಜಾಸ್ತಿ ಪೆಟ್ಟು ತಿನ್ನುವುದು ತಳದಲ್ಲಿರುವ ಡೈವರ್ಟರ್, ಅಂದರೆ ಬಿಸಿಯನ್ನೂ ಕಸವನ್ನೂ ಹೊರಹಾಕುವ ಭಾಗ. ಅದಕ್ಕೇ ಅಲ್ಲಿ ಟಂಗ್‌ಸ್ಟನ್ ಲೋಹ ಹಾಕುತ್ತಾರೆ. ಅದು ಕರಗಲು 3,422 ಡಿಗ್ರಿ ಬೇಕು.

ಎಲ್ಲರೂ ಸವೆತದ ಬಗ್ಗೆ ಕೇಳುತ್ತಾರೆ. ನನಗೆ ತಲೆನೋವು ಹೂಳು. ಮಳೆಗಾಲದಲ್ಲಿ ಬರೆಯ ಮಣ್ಣು ಕೊಚ್ಚಿಕೊಂಡು ಹೋದರೆ ಮಾಯವಾಗುತ್ತಾ? ತೋಟದಲ್ಲಿ ತೋಡಿದ ತೊಟ್ಟಿಲು ಗುಂಡಿಯಲ್ಲೋ ಕೆಳಗಿನ ಗದ್ದೆಯಲ್ಲೋ ಕೂರುತ್ತದೆ. ರಿಯಾಕ್ಟರ್ ಒಳಗೂ ಅಷ್ಟೇ. ಒಂದು ಕಡೆ ಕಿತ್ತದ್ದು ಇನ್ನೊಂದು ಕಡೆ ಪದರ ಪದರವಾಗಿ ಕೂರುತ್ತದೆ, ಕೂರುವಾಗ ಇಂಧನವನ್ನೂ ಜೊತೆಗೆ ಹೂತುಕೊಳ್ಳುತ್ತದೆ.

ಇಂಗ್ಲೆಂಡಿನ ಜೆಟ್ (JET) ಅನ್ನುವ ಫ್ಯೂಶನ್ ಯಂತ್ರದಲ್ಲಿ ಮೊದಲು ಇಂಗಾಲದ ಟೈಲ್‌ಗಳಿದ್ದವು. ಇಂಗಾಲ ಕರಗುವುದಿಲ್ಲ, ಬಿಸಿಯ ಹೊಡೆತಕ್ಕೂ ಜಗ್ಗುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಜಲಜನಕ ಸಿಕ್ಕರೆ ಅದರ ಜೊತೆ ಕೂಡಿ ಅನಿಲವಾಗಿ ಓಡಿಹೋಗುತ್ತದೆ. 1997ರಲ್ಲಿ ಟ್ರಿಟಿಯಂ ಹಾಕಿ ಮಾಡಿದ ಪ್ರಯೋಗದ ನಂತರ ನೋಡಿದರೆ, ಪ್ಲಾಸ್ಮಾ ಕಣ್ಣಿಗೇ ಬೀಳದ ತಣ್ಣನೆಯ ಮೂಲೆಯಲ್ಲಿ ಇಂಗಾಲದ ಹಕ್ಕಳೆಗಳು, ಅವುಗಳಲ್ಲಿ ಟ್ರಿಟಿಯಂ! ಟ್ರಿಟಿಯಂ ವಿಕಿರಣ ಸೂಸುವ ವಸ್ತು, ಸಿಗುವುದೂ ಕಷ್ಟ. ಈಟರ್ ಪಾತ್ರೆಯೊಳಗೆ 1 ಕೆಜಿಗಿಂತ ಜಾಸ್ತಿ ಉಳಿಯಬಾರದು ಅಂತ ಮಿತಿಯೇ ಇದೆ. 2011ರ ಹೊತ್ತಿಗೆ ಜೆಟ್‌ನ ಗೋಡೆಯನ್ನು ಬೆರಿಲಿಯಂ, ಟಂಗ್‌ಸ್ಟನ್‌ಗೆ ಬದಲಾಯಿಸಿದರು. ಸಿಕ್ಕಿಹಾಕಿಕೊಳ್ಳುವ ಇಂಧನ ಹತ್ತು ಪಟ್ಟಿಗಿಂತ ಜಾಸ್ತಿ ಕಮ್ಮಿಯಾಯಿತು.

ಟಂಗ್‌ಸ್ಟನ್‌ಗೂ ಅದರದೇ ರಗಳೆ ಇದೆ. ಹತ್ತು ಸಾವಿರಕ್ಕೆ ಒಂದು ಅಣು ಪ್ಲಾಸ್ಮಾದ ನಡುವೆ ಸೇರಿದರೂ ಬಿಸಿಯನ್ನೆಲ್ಲ ಬೆಳಕಾಗಿ ಚೆಲ್ಲಿ ಉರಿ ಕೆಡಿಸಬಲ್ಲದು.

ಇದನ್ನೆಲ್ಲ ನೋಡೋದು ಹೇಗೆ? ಟೈಲ್ ಮೇಲೆ ಮೊದಲೇ ಅಳತೆ ಮಾಡಿದ ತೆಳು ಲೇಪ ಕೊಟ್ಟಿರುತ್ತಾರೆ. ತಿಂಗಳುಗಟ್ಟಲೆ ಪ್ರಯೋಗ ಆದ ಮೇಲೆ ತೆಗೆದು, ಎಷ್ಟು ಉಳಿದಿದೆ ಅಂತ ಅಳೆಯೋದು. ಹೂಳು ಕೂತಿದ್ದರೆ ಚೂರು ಕತ್ತರಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡೋದು. ಹಳೇ ಮನೆ ಗೋಡೆ ಕೆರೆದರೆ ವರ್ಷ ವರ್ಷದ ಸುಣ್ಣ ಕಾಣುತ್ತದಲ್ಲ, ಹಾಗೇ ಕಾಣುತ್ತದೆ. ಮೊದಲ ಸಲ ನೋಡಿದಾಗ ಊಟ ಮರೆತಿದ್ದೆ.

ಮಾವ ಎಲ್ಲ ಕೇಳಿಸಿಕೊಂಡರು. "ಸರಿ, ಆ ಹೂಳು ತೆಗೆಯೋಕೆ ಆಳು ಸಿಗ್ತಾರಾ? ನಮಗಿಲ್ಲಿ ಕಾಫಿ ಕುಯ್ಯೋಕೇ ಇಲ್ಲ."

ಆಳು ಒಳಗೆ ಹೋಗೋ ಹಾಗೇ ಇಲ್ಲ ಮಾವ, ವಿಕಿರಣ. ಜೆಟ್ 2023ರ ಡಿಸೆಂಬರಿನಲ್ಲಿ ಕೊನೆಯ ಪ್ರಯೋಗ ಮುಗಿಸಿ ನಿಂತಿತು. ಅದರ ಟೈಲ್ ಕಳಚೋದಕ್ಕೂ ರೋಬಾಟ್ ಕೈ.

"ದಿನಕ್ಕೆ ಎಷ್ಟು ಕೂಲಿ ಅದಕ್ಕೆ?" ಅಂದರು.