ಲೊಕೇಶನ್ ಕಳಿಸುವುದಿಲ್ಲ, ಯಾಕೆ ಅಂತ ಕೇಳಿ

ಫೋಟೋ ಹಾಕಿ ಐದು ನಿಮಿಷ ಆಗಿರುವುದಿಲ್ಲ, ಶುರುವಾಗುತ್ತದೆ. "ಸೂಪರ್! ಇದು ಎಲ್ಲಿ?" ಸ್ವಲ್ಪ ಅವಸರ ಇದ್ದವರು ಬರೀ "ಲೊಕೇಶನ್?" ಅಂತ ಬರೆಯುತ್ತಾರೆ. ಅದಕ್ಕಿಂತ ಅವಸರದವರು "ಪಿನ್ ಹಾಕಿ" ಅಂತ ಅಪ್ಪಣೆ ಮಾಡುತ್ತಾರೆ. ಎದುರಿಗೆ ಸಿಕ್ಕವರೂ ಬಿಡುವುದಿಲ್ಲ. ಹೇಗಿದ್ದೀರಿ ಅನ್ನುವುದಕ್ಕೂ ಮೊದಲೇ, "ಅಲ್ಲಾ, ಆ ಮಂಜಿನಲ್ಲಿ ಒಂಟಿ ಮರ ಇತ್ತಲ್ಲ, ಅದು ಯಾವ ಕಡೆ?" ಮೊದಮೊದಲು ಖುಷಿಯಾಗುತ್ತಿತ್ತು. ಈಗ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಬರೆದು ಇಟ್ಟುಬಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ಅದು ಒಂದು ಹೊಲದ ಬದು. ಬದುವಿನ ತುದಿಯಲ್ಲಿ ಒಂದು ಮರ. ಮರದ ಹಿಂದೆ ತಗ್ಗು, ತಗ್ಗಿನಲ್ಲಿ ನೀರು ನಿಲ್ಲುವ ಒಂದು ಹೊಂಡ, ಆಚೆಗೊಂದು ದಿಬ್ಬ. ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರ. ಅಷ್ಟೇ ಕಣ್ರೀ. ಹೆಸರಿಲ್ಲ, ಬೋರ್ಡಿಲ್ಲ. ನೀವು ಮೆಚ್ಚಿಕೊಂಡ ಮಂಜಿನ ಫೋಟೋ, ಹಳದಿ ಹೂವಿನ ಫೋಟೋ, ಬಿರುಕುಬಿಟ್ಟ ಮಣ್ಣಿನ ಫೋಟೋ, ಮಳೆಗೆ ಮೊದಲು ಮೋಡ ಕಪ್ಪಿಟ್ಟ ಫೋಟೋ, ಎಲ್ಲವೂ ಅದೇ ಜಾಗ. ಇದು ಗೊತ್ತಾಗದೆ ಒಬ್ಬರೇ ಎರಡು ಸಲ ಲೊಕೇಶನ್ ಕೇಳಿದ್ದಾರೆ. ಎರಡನೇ ಸಲ "ಹೋದ ಸಲದ್ದಕ್ಕಿಂತ ಈ ಜಾಗ ಚೆನ್ನಾಗಿದೆ" ಅಂತ ಮಾರ್ಕ್ಸ್ ಬೇರೆ ಕೊಟ್ಟಿದ್ದರು.

ಹಾಗಾದರೆ ಹೇಳಿಬಿಡಬಹುದಲ್ಲ, ಅದೇನು ನಿಮ್ಮ ಗಂಟಾ ಅಂತ ನೀವು ಕೇಳಬಹುದು. ಒಬ್ಬರಿಗೆ ಹೇಳಿದ್ದೆ. ಪರಿಚಯದವರಿಗೆ ಪರಿಚಯದವರು, ತುಂಬಾ ಒತ್ತಾಯ ಮಾಡಿದ್ದರು, ಪಿನ್ ಕಳಿಸಿದೆ. ಯಾವಾಗ ಹೋಗಬೇಕು ಅಂತಲೂ ಬರೆದಿದ್ದೆ. ಆ ಸಾಲನ್ನು ಅವರು ಓದಿರಲಿಕ್ಕಿಲ್ಲ. ಬೇಸಿಗೆಯ ಒಂದು ರಜಾದಿನ, ನೆತ್ತಿ ಮೇಲೆ ಸೂರ್ಯ ಇರುವಾಗ, ನನ್ನ ಫೋನಿಗೆ ಒಂದು ಫೋಟೋ ಬಂತು. ಕೊಯ್ದು ಬಿಟ್ಟ ಹೊಲದ ಕೂಳೆ, ಎಲೆ ಉದುರಿದ ಮರ, ಬಿಳಿಚಿಕೊಂಡ ಆಕಾಶ, ಬೇಲಿಗೆ ಸಿಕ್ಕಿಹಾಕಿಕೊಂಡ ಒಂದು ಪ್ಲಾಸ್ಟಿಕ್ ಚೀಲ. ಕೆಳಗೆ ಒಂದು ಸಾಲು. "ಇಲ್ಲಿ ಏನೂ ಇಲ್ಲವಲ್ಲ?"

ಹಿಂದೆಯೇ ಫೋನ್. ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದಾರಂತೆ. ಮಕ್ಕಳು ರಚ್ಚೆ ಹಿಡಿದಿದ್ದಾರಂತೆ. "ನೀವು ಕಂಪ್ಯೂಟರಿನಲ್ಲಿ ಏನೇನೋ ಮಾಡಿ ತೋರಿಸುತ್ತೀರಿ, ನಂಬಿ ಬಂದವರ ಗತಿ ಏನು?" ಅಂತ ನ್ಯಾಯ ಕೇಳಿದರು. ನಾನೇನೋ ಅವರಿಗೆ ಟಿಕೆಟ್ ಮಾರಿದ್ದೆ ಅನ್ನುವ ಹಾಗೆ. ಮಂಜನ್ನು ಸುತ್ತಿಕೊಂಡು ಬಂದು ನಮ್ಮ ಮನೆಯ ಬೀರುವಿನಲ್ಲಿ ಬಚ್ಚಿಟ್ಟಿದ್ದೇನೆ ಅನ್ನುವ ಹಾಗೆ! ನಾನು ಸುಮ್ನೆ ಕೇಳಿಸಿಕೊಂಡೆ. ಆಮೇಲೆ ಅವರ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಎಡಕ್ಕೆ ವಾಲಿದ ಬೇಲಿ ಕಂಬ ನನ್ನ ಫೋಟೋದಲ್ಲಿ ಎಲ್ಲಿದೆಯೋ ಅಲ್ಲೇ ಇತ್ತು. ಅಂದರೆ ಪುಣ್ಯಾತ್ಮರು ನಾನು ನಿಲ್ಲುವ ಕಡೆಯೇ ನಿಂತಿದ್ದರು, ಒಂದು ಹೆಜ್ಜೆ ಆಚೀಚೆ ಇಲ್ಲ. ಜಾಗ ಸರಿ. ತಿಂಗಳು ತಪ್ಪು, ಹೊತ್ತೂ ತಪ್ಪು.

ಎಡಿಟ್ ಮಾಡಿದ್ದೀರಿ ಅನ್ನುವ ಆರೋಪಕ್ಕೂ ಇಲ್ಲೇ ಉತ್ತರ ಹೇಳಿ ಮುಗಿಸುತ್ತೇನೆ. ಮಳೆ ನಿಂತ ಮೇಲೆ ಎಲೆಗಳ ಮೇಲೆ ನೀರಿನ ಹೊಳಪು ಇರುತ್ತದೆ. ಆ ಬಿಳಿ ಹೊಳಪು ಹಸಿರನ್ನು ಮುಚ್ಚುತ್ತದೆ. ಲೆನ್ಸಿನ ಮುಂದೆ ಪೋಲರೈಸರ್ ಅನ್ನುವ ಫಿಲ್ಟರ್ ಹಾಕಿ ತಿರುಗಿಸಿದರೆ ಹೊಳಪು ಕಡಿಮೆಯಾಗಿ ಒಳಗಿನ ಹಸಿರು ಕಾಣುತ್ತದೆ. ಬಣ್ಣ ಬಳಿದದ್ದಲ್ಲ, ಇದ್ದದ್ದೇ ಕಂಡದ್ದು. ಮಂಜಿನದು ಇನ್ನೊಂದು ಕತೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಎಲ್ಲವೂ ನಡುವಿನ ಬೂದು ಬಣ್ಣದಲ್ಲಿ ಬಂದರೆ ಸಮಾಧಾನ. ಬೆಳ್ಳಗಿನ ಮಂಜು ತೋರಿಸಿದರೆ ಅದನ್ನೂ ಬೂದು ಮಾಡಿಬಿಡುತ್ತದೆ. ಅದಕ್ಕೇ ಒಂದು ಸ್ಟಾಪ್‌ನಷ್ಟು ಬೆಳಕು ಜಾಸ್ತಿ ಕೊಡಬೇಕು, ಅಂದರೆ ಮೀಟರ್ ಹೇಳಿದ್ದರ ಎರಡರಷ್ಟು. ಫೋನಿನಲ್ಲೂ ಪರದೆ ಮುಟ್ಟಿ ಮೇಲಕ್ಕೆ ಎಳೆದರೆ ಆಗುತ್ತದೆ. ಇಷ್ಟೇ ನನ್ನ ಮಾಟ. ಯಾವ ಕ್ಯಾಮೆರಾ ಅಂತ ಮಾತ್ರ ಈಗ ಕೇಳಬೇಡಿ, ಒಂದು ಹೊತ್ತಿಗೆ ಒಂದು ಜಗಳ ಸಾಕು.

ಎಲ್ಲಿ ಅಂತ ಕೇಳುವವರಲ್ಲಿ ಒಬ್ಬರಾದರೂ, ಒಂದೇ ಒಂದು ಸಲ, "ಇದು ಯಾವಾಗ?" ಅಂತ ಕೇಳಬಾರದಾ? ಅದಕ್ಕಾದರೆ ಕೂತು ಉತ್ತರ ಹೇಳುತ್ತೇನೆ. ಕೇಳದಿದ್ದರೂ ಈಗ ಹೇಳುತ್ತೇನೆ.

ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಅವರ ಒಂದು ಪ್ರಸಿದ್ಧ ಫೋಟೋ ಇದೆ. ಸಣ್ಣ ಹಳ್ಳಿ, ಅದರ ಸ್ಮಶಾನದ ಶಿಲುಬೆಗಳ ಮೇಲೆ ಸಂಜೆಯ ಕೊನೆ ಬಿಸಿಲು, ಮೇಲೆ ಚಂದ್ರ. ಜಾಗ ಯಾವುದು ಅಂತ ಯಾರೂ ಕೇಳಬೇಕಾಗಿಲ್ಲ, ಹೆಸರಿನಲ್ಲೇ ಇದೆ: 'ಮೂನ್‌ರೈಸ್, ಹೆರ್ನಾಂಡೆಜ್, ನ್ಯೂ ಮೆಕ್ಸಿಕೊ'. ದಾರಿಯಲ್ಲಿ ಹೋಗುತ್ತಾ ಕಂಡದ್ದು, ಗಾಡಿ ನಿಲ್ಲಿಸಿ ಗಡಿಬಿಡಿಯಲ್ಲಿ ಕ್ಯಾಮೆರಾ ಹೂಡಿದರು. ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಬೆಳಕು ಎಷ್ಟು ಅನ್ನುವ ಅಳತೆ ತಲೆಯಲ್ಲಿತ್ತು, ಅದರ ಮೇಲೆ ಲೆಕ್ಕ ಹಾಕಿ ಒಂದು ಫೋಟೋ ತೆಗೆದರು. ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ತಮಾಷೆ ಏನೆಂದರೆ ತಾರೀಖು ಬರೆದುಕೊಂಡಿರಲಿಲ್ಲ. ಒಂದೊಂದು ಸಲ ಒಂದೊಂದು ವರ್ಷ ಹೇಳುತ್ತಿದ್ದರು. ಕೊನೆಗೆ ಖಗೋಳ ಗೊತ್ತಿದ್ದವರು ಚಂದ್ರ ಇರುವ ಜಾಗ ಅಳೆದು 1941ರ ಅಕ್ಟೋಬರ್ 31 ಅಂದರು. ಆಮೇಲೆ ಅದನ್ನೂ ತಿದ್ದಿ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ ಅಂತ ನಿರ್ಧಾರ ಮಾಡಿದರು. ಆ ಊರಿಗೆ ಇವತ್ತೂ ಹೋಗಬಹುದು. ಹೋಗಿ ನಿಂತರೆ ಆ ಫೋಟೋ ಸಿಗುತ್ತದಾ?

ನನ್ನ ಮರದ ವಿಷಯಕ್ಕೆ ಬರೋಣ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ನಿಜವಾಗಿ ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮಾತ್ರ. ಜೂನ್‌ನಲ್ಲಿ ಉತ್ತರಕ್ಕೆ ಸರಿದಿರುತ್ತಾನೆ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ. ಈ ಓಡಾಟ ಭೂಮಧ್ಯರೇಖೆಯ ಮೇಲೆಯೇ ಸುಮಾರು 47 ಡಿಗ್ರಿ, ಅಲ್ಲಿಂದ ದೂರ ಹೋದಷ್ಟೂ ಇನ್ನೂ ಜಾಸ್ತಿ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಹತ್ತಿರ ಹತ್ತಿರ 10 ಡಿಗ್ರಿ. ಐದು ಮುಷ್ಟಿ ಪಕ್ಕಪಕ್ಕ ಇಟ್ಟು ನೋಡಿ, ಅಷ್ಟು ಅಗಲದಲ್ಲಿ ಸೂರ್ಯ ವರ್ಷಪೂರ್ತಿ ಹೋಗಿ ಬಂದು ಮಾಡುತ್ತಿರುತ್ತಾನೆ. ಜೂನ್ ಮತ್ತು ಡಿಸೆಂಬರ್ ಕೊನೆಯ ವಾರಗಳಲ್ಲಿ ನಿಂತೇಬಿಟ್ಟಿದ್ದಾನೆ ಅನ್ನಿಸುತ್ತದೆ. ಮಾರ್ಚ್, ಸೆಪ್ಟೆಂಬರ್‌ನಲ್ಲಿ ಓಟ, ದಿನಕ್ಕೆ ಕಡಿಮೆ ಅಂದರೂ ತನ್ನ ಅಗಲದ ಮುಕ್ಕಾಲು ಪಾಲು ಸರಿಯುತ್ತಾನೆ. ನಾನು ನಿಲ್ಲುವ ಬದುವಿನಿಂದ ನೋಡಿದರೆ ಸೂರ್ಯ ಆ ಮರದ ಕೊಂಬೆಗಳ ನಡುವೆ ಹುಟ್ಟುವುದು ಕೆಲವೇ ದಿನ. ಅಷ್ಟರಲ್ಲಿ ಮೋಡ ಬಂತಾ, ಮತ್ತೆ ಅವನು ತಿರುಗಿ ಬರುವ ತನಕ ಕಾಯಬೇಕು. ಎರಡು ಹೆಜ್ಜೆ ಆಚೆ ನಿಂತರೆ ಆಯಿತಲ್ಲ ಅನ್ನುತ್ತೀರಾ? ಎರಡು ಹೆಜ್ಜೆ ಆಚೆ ಬೆಳೆ ಇದೆ ಸ್ವಾಮಿ.

ಮಂಜಿಗೆ ಇನ್ನೂ ಜಾಸ್ತಿ ಷರತ್ತು. ಹಿಂದಿನ ದಿನ ಮಳೆ ಬಂದು ನೆಲ ನೆನೆದಿರಬೇಕು. ರಾತ್ರಿ ಮೋಡ ಸರಿದು ನಕ್ಷತ್ರ ಕಾಣಬೇಕು, ಮೋಡ ಇದ್ದರೆ ನೆಲ ಬೇಗ ತಣ್ಣಗಾಗುವುದಿಲ್ಲ. ಗಾಳಿ ಜೋರಾಗಿ ಬೀಸಬಾರದು. ಹಾಗಂತ ಪೂರ್ತಿ ನಿಂತೂ ಬಿಡಬಾರದು, ನಿಂತರೆ ಬರೀ ಇಬ್ಬನಿ ಬಿದ್ದು ಸುಮ್ಮನಾಗುತ್ತದೆ. ತಣ್ಣನೆಯ ಗಾಳಿ ಭಾರ ಇರುವುದರಿಂದ ತಗ್ಗಿಗೆ ಇಳಿಯುತ್ತದೆ, ಅದಕ್ಕೇ ಮಂಜು ಹೊಂಡದ ಸುತ್ತ ಮೊದಲು ಕಟ್ಟಿಕೊಳ್ಳುತ್ತದೆ, ದಿಬ್ಬದ ಮೇಲೆ ಏನೂ ಇರುವುದಿಲ್ಲ. ಇನ್ನೊಂದು ಮಾತು. ಸೂರ್ಯ ಹುಟ್ಟಿದ ಮೇಲೆ ಮಂಜು ಕೆಲವು ಸಲ ಇನ್ನಷ್ಟು ದಟ್ಟವಾಗುತ್ತದೆ. "ಏನೂ ಕಾಣುತ್ತಿಲ್ಲ, ನಡಿ ಹೋಗೋಣ" ಅಂತ ಜನ ವಾಪಸ್ ಹೊರಡುವುದು ಸರಿಯಾಗಿ ಆಗಲೇ. ಅವರು ಅತ್ತ ಹೋದರೆ ಇತ್ತ ಮರದ ಮೇಲಿನ ಅರ್ಧ ಹೊರಬರಲು ಶುರುವಾಗುತ್ತದೆ.

ಇಂಥ ಬೆಳಿಗ್ಗೆ ನಾನು ತುಂಬಾ ಹೊತ್ತು ಕಳೆಯುವುದು ಬೇಲಿಯ ಹತ್ತಿರ. ಬೇಲಿ ತಂತಿಗಳ ನಡುವೆ ಜೇಡರ ಬಲೆಗಳಿರುತ್ತವೆ. ದಿನಾ ಇರುತ್ತವೆ, ನಮಗೆ ಕಾಣುವುದಿಲ್ಲ. ಇಬ್ಬನಿ ಬಿದ್ದ ದಿನ ಎಳೆ ಎಳೆಗೂ ಹನಿ ಕೂತು, ಆ ಭಾರಕ್ಕೆ ಬಲೆ ನಡುವೆ ಸ್ವಲ್ಪ ಜೋಲುತ್ತದೆ. ಸೂರ್ಯ ಬಲೆಯ ಹಿಂದೆ ಬರುವ ಹಾಗೆ ಬಗ್ಗಿ ಕೂತು ನೋಡಬೇಕು. ಒಂದೊಂದು ಹನಿಯ ಒಳಗೂ ಹೊಲ ಮೇಲೆ, ಆಕಾಶ ಕೆಳಗೆ, ಮರ ತಲೆಕೆಳಗಾಗಿ ನಿಂತಿರುತ್ತದೆ. ಉಸಿರು ಜೋರಾಗಿ ಬಿಟ್ಟರೂ ಬಲೆ ಅಲ್ಲಾಡುತ್ತದೆ, ಫೋಕಸ್ ಹೋಯಿತು. ಇದರ ಲೊಕೇಶನ್ ಕೊಡಬೇಕಾ? ಎಡಕ್ಕೆ ವಾಲಿದ ಕಂಬದಿಂದ ಮೊಳದಷ್ಟು ದೂರ. ಬಿಸಿಲೇರುವ ತನಕ ಮಾತ್ರ.

"ಇಷ್ಟು ಮಾಮೂಲಿ ಜಾಗವನ್ನು ಮತ್ತೆ ಮತ್ತೆ ತೆಗೆಯುವುದಕ್ಕೆ ಬೇಜಾರಾಗುವುದಿಲ್ಲವಾ?" ಅಂತ ಕೇಳುವವರ ಗುಂಪು ಇನ್ನೊಂದಿದೆ. ಅವರಿಗೆ ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಹೆಸರು ಹೇಳುತ್ತೇನೆ. ಕ್ಯಾಮೆರಾದಿಂದ ತೆಗೆದು ಇವತ್ತಿಗೂ ಉಳಿದಿರುವ ಅತ್ಯಂತ ಹಳೆಯ ಫೋಟೋ ಅವರದು, 1826 ಅಥವಾ 1827ರದ್ದು. ಅವರೇನು ಬೆಟ್ಟ ಹತ್ತಿ ಹೋಗಲಿಲ್ಲ. ಹಳ್ಳಿಯಲ್ಲಿದ್ದ ತಮ್ಮ ಮನೆಯ ಮಹಡಿ ಕಿಟಕಿಯಿಂದ ಕಾಣುವ ಮಾಡು, ಗೋಡೆಗಳನ್ನೇ ತೆಗೆದರು. ಎಷ್ಟು ಹೊತ್ತು ಬೆಳಕು ಬೇಕಾಯಿತೆಂದರೆ, ಅಷ್ಟರಲ್ಲಿ ಸೂರ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿದ್ದ, ಎದುರುಬದುರು ಗೋಡೆ ಎರಡರ ಮೇಲೂ ಬಿಸಿಲು ಬಿದ್ದಿದೆ. ಈ ಕಲೆ ಶುರುವಾದದ್ದೇ ಮನೆ ಕಿಟಕಿಯಿಂದ. ನಾನು ಬದುವಿನ ತನಕವಾದರೂ ಹೋಗುತ್ತೇನೆ.

ಇನ್ನು, ಲೊಕೇಶನ್ ಕೊಡದೇ ಇರುವುದಕ್ಕೆ ದೊಡ್ಡ ಕಾರಣ. ಅದು ನನ್ನ ಹೊಲ ಅಲ್ಲ. ಜಪಾನಿನ ಹೊಕ್ಕೈಡೊದಲ್ಲಿ ಬಿಯೆಯ್ ಅನ್ನುವ ಊರಿದೆ. ಅಲ್ಲೊಂದು ಹೊಲದಲ್ಲಿ ಪಾಪ್ಲರ್ ಮರ ಇತ್ತು, ಒಂದು ಕಡೆ ವಾಲಿ ಏನೋ ಯೋಚನೆ ಮಾಡುತ್ತಾ ನಿಂತಂತೆ ಕಾಣುತ್ತದೆ ಅಂತ ಜನ ಅದನ್ನು ತತ್ವಜ್ಞಾನದ ಮರ ಅಂತ ಕರೆಯುತ್ತಿದ್ದರು. ಫೋಟೋ ತೆಗೆಯುವವರು ಬಂದರು. ಒಳಗೆ ಬರಬೇಡಿ ಅಂದರೂ ಬೆಳೆ ತುಳಿದುಕೊಂಡು ಹೋದರು. ಮರಕ್ಕೂ ವಯಸ್ಸಾಗಿತ್ತು, ಹೊಲದವರಿಗೂ ಸಾಕಾಗಿತ್ತು. 2016ರ ಫೆಬ್ರವರಿಯಲ್ಲಿ ಕಡಿಸಿಬಿಟ್ಟರು. 2018ರಲ್ಲಿ ಕೆನಡಾದ ಒಂಟಾರಿಯೋದಲ್ಲಿ ಒಂದು ಕುಟುಂಬ ತನ್ನ ಸೂರ್ಯಕಾಂತಿ ಹೊಲವನ್ನು ಫೋಟೋ ತೆಗೆಯುವವರಿಗೆ ತಾನಾಗಿಯೇ ತೆರೆದಿತ್ತು. ಒಂದು ವಾರಾಂತ್ಯ ಸಾವಿರಾರು ಕಾರುಗಳು ಬಂದವು, ರಸ್ತೆ ಕಟ್ಟಿಕೊಂಡಿತು, ಪೊಲೀಸರು ಬಂದರು, ಹೊಲ ಮುಚ್ಚಿದರು. ಬಂದವರಲ್ಲಿ ಒಬ್ಬೊಬ್ಬರೂ "ನಾನೊಬ್ಬ ಹೋದರೆ ಏನಾಗುತ್ತದೆ" ಅಂದುಕೊಂಡೇ ಬಂದಿರುತ್ತಾರೆ, ಅಲ್ವಾ? ಅಂದ ಹಾಗೆ, ಫೋನಿನಲ್ಲಿ ತೆಗೆದ ಫೋಟೋ ಜೊತೆ ಜಾಗದ ಮಾಹಿತಿಯೂ ಫೈಲಿನಲ್ಲಿ ಸೇರಿಕೊಂಡಿರಬಹುದು. ಹಂಚುವ ಮೊದಲು ಅದನ್ನು ತೆಗೆದುಹಾಕಿ. ನಾನು ತಪ್ಪದೆ ತೆಗೆಯುತ್ತೇನೆ, ಹುಡುಕಿ ಸುಸ್ತಾಗಬೇಡಿ.

ಹೊಲದ ಯಜಮಾನರು ನನ್ನನ್ನು ಎಲ್ಲಿ, ಏನು ಅಂತ ಕೇಳಿದವರಲ್ಲ. ಮೊದಲ ಸಲ ಕಂಡಾಗ ಬದು ಬಿಟ್ಟು ಇಳಿಯಬೇಡ ಅಂದರು. ಆಮೇಲೆ ಮಾತಾಡಿದ್ದೆಲ್ಲ ದಿನದ ಲೆಕ್ಕವೇ. "ನಾಡಿದ್ದು ಕೊಯ್ಲು, ತೆಗೆಯೋದಿದ್ರೆ ನಾಳೆನೇ ಬಂದ್ಬಿಡು." "ಇನ್ನೊಂದು ವಾರ ಬಿಟ್ಟು ಬಾ, ಹೂ ಪೂರ್ತಿ ಬಂದಿರುತ್ತೆ." ನನ್ನ ಒಳ್ಳೆಯ ಫೋಟೋಗಳಲ್ಲಿ ಬಹಳಷ್ಟು ಅವರ ಇಂಥ ಒಂದೊಂದು ಮಾತಿನಿಂದ ಬಂದವು. ಅವರಿಗೆ ಪ್ರಿಂಟ್ ಕೊಟ್ಟಾಗ ಮರವನ್ನು ನೋಡಲೇ ಇಲ್ಲ. ಮೂಲೆಯಲ್ಲಿ ಕಳೆ ಬೆಳೆದದ್ದು ಕಂಡು, "ಥೂ, ಇದನ್ನ ಕೀಳಿಸಿದ ಮೇಲೆ ತೆಗೀಬಾರದಿತ್ತಾ" ಅಂದರು.

ನಿಮಗೂ ಇಂಥದೊಂದು ಜಾಗ ಬೇಕು ಅಂದರೆ ಹುಡುಕುವುದು ಕಷ್ಟವಿಲ್ಲ. ಪೂರ್ವವೋ ಪಶ್ಚಿಮವೋ ಒಂದು ಕಡೆ ಬಯಲಾಗಿರಬೇಕು. ಸ್ವಲ್ಪ ತಗ್ಗು, ಹತ್ತಿರ ನೀರು ಇದ್ದರೆ ಮಂಜಿಗೆ ಒಳ್ಳೆಯದು. ನೆಟ್ಟಗೆ ನಿಂತ ಒಂದು ಏನಾದರೂ ಬೇಕು, ಮರವೋ ಕಂಬವೋ. ನಿಲ್ಲುವುದಕ್ಕೆ ಯಾರ ತಕರಾರೂ ಇರಬಾರದು, ಇದ್ದರೆ ಕೇಳಿ ಒಪ್ಪಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಹಾಸಿಗೆ ಬಿಟ್ಟು ಎದ್ದರೆ ಬೇಗ ತಲುಪುವಷ್ಟು ಹತ್ತಿರ ಇರಬೇಕು. ಮಂಜು ನಿಮಗೋಸ್ಕರ ಗಾಡಿ ಪಾರ್ಕ್ ಮಾಡುವ ತನಕ ಕಾಯುವುದಿಲ್ಲ. ಒಂದು ಕಡೆ ಕಾಲೂರಿ, ಬೇಸಿಗೆ ಮಳೆ ಚಳಿ ಎಲ್ಲದರಲ್ಲೂ ಹೋಗಿ, ತೆಗೆದದ್ದರ ತಾರೀಖು ಮತ್ತು ಹೊತ್ತು ಬರೆದಿಡಿ. ಆಮೇಲೆ ನನಗೂ ಒಂದು ಫೋಟೋ ಕಳಿಸಿ. ಎಲ್ಲಿ ಅಂತ ನಾನು ಕೇಳುವುದಿಲ್ಲ.